ಮುನಿರಾಜು ಯಾವ ಕಡೆ ತಿರುಗಿದ್ದ

ಬೆಳಿಗ್ಗೆಯಿಂದ ನಮ್ಮ ಬಿಟಿಎಂ ಬಡಾವಣೆಯ ಬಾಡಿಗೆ ಮನೆಯ ಗೇಟಿಗೆ ಬಣ್ಣ ಹೊಡೆಯುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಟರ್ಪೆಂಟೈನ್ ವಾಸನೆ ಒಳಗೆ ಬಂದು ಕುಳಿತಿದೆ. ಇವತ್ತೇ ನಾನೊಂದು ಬರಹ ಮುಗಿಸಬೇಕು. ಚಿತ್ರಕಲೆ ಕಲಿಯುವ ಮಕ್ಕಳಿಗೆ ‘ಚಿತ್ರವನ್ನು ಮಾತಿನಲ್ಲಿ ಬರೆಯುವುದು ಹೇಗೆ’ ಎಂದು ಎರಡು ಪುಟ ಬರೆದುಕೊಡಿ ಅಂತ ಪರಿಚಯದ ಮೇಷ್ಟ್ರೊಬ್ಬರು ಕೇಳಿದ್ದರು. ತಕ್ಷಣ ಒಪ್ಪಿಕೊಂಡೆ. ಒಪ್ಪಿಕೊಳ್ಳುವುದರಲ್ಲಿ ನನ್ನದು ಎತ್ತಿದ ಕೈ. ನಿನ್ನೆ ಸಂಜೆ ಕೂತು ಒಂಬತ್ತು ಸೂತ್ರ ಬರೆದಿದ್ದೆ. ರೇಖೆ, ವರ್ಣ, ಸಂಯೋಜನೆ ಎಂದೆಲ್ಲ ಬಹಳ ಗಂಭೀರವಾಗಿ. ಇವತ್ತು ಈ ವಾಸನೆ ಮೂಗಿಗೆ ಬಡಿದ ಮೇಲೆ ಆ ಹಾಳೆಯ ಮುಖ ನೋಡುವುದಕ್ಕೂ ಮನಸ್ಸಾಗುತ್ತಿಲ್ಲ.

ನಾನು ಗದಗಿನ ಕಡೆಯವನು. ಈ ಊರಿಗೆ ಬಂದ ಹೊಸದರಲ್ಲಿ ಜರಗನಹಳ್ಳಿಯಲ್ಲಿ ಪಿಳ್ಳಮ್ಮ ಎಂಬುವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆ. ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಅದರ ಜೊತೆಗೆ, ಬೇರೆ ಯಾರಿಗೂ ಪುರುಸೊತ್ತಿಲ್ಲದ್ದರಿಂದ, ಚಿತ್ರಪ್ರದರ್ಶನಗಳ ವಿಮರ್ಶೆ ಬರೆಯುವುದೂ ನನ್ನ ತಲೆಗೇ ಕಟ್ಟಿದ್ದರು. ಚಿತ್ರದ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ ಎಂದು ಈಗ ಹೇಳಬಹುದು. ಆಗ ಯಾರಾದರೂ ಹಾಗೆ ಹೇಳಿದ್ದರೆ ಜಗಳಕ್ಕೇ ಬರುತ್ತಿದ್ದೆ. ‘ವರ್ಣಗಳ ಸಂವಾದ’, ‘ರೇಖೆಗಳ ಲಯ’, ‘ಅವಕಾಶದ ಮೌನ’ ಇಂಥ ಏಳೆಂಟು ಮಾತು ನನ್ನ ಹತ್ತಿರ ಇದ್ದವು. ಅವನ್ನು ಅತ್ತಿಂದಿತ್ತ ಜರುಗಿಸಿ ವಾರ ವಾರ ಬರೆಯುತ್ತಿದ್ದೆ. ಒಮ್ಮೆ ಪ್ರದರ್ಶನಕ್ಕೆ ಹೋಗದೆ ಆಮಂತ್ರಣ ಪತ್ರ ನೋಡಿಯೇ ವಿಮರ್ಶೆ ಬರೆದಿದ್ದೆ. ಆ ಕಲಾವಿದರು ಫೋನ್ ಮಾಡಿ, ನನ್ನ ಚಿತ್ರವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದವರಿಲ್ಲ ಎಂದರು.

ಪಿಳ್ಳಮ್ಮನವರ ಹಾಲಿನ ಗೋಡೆಯಲ್ಲಿ ಒಂದು ಚಿತ್ರವಿತ್ತು. ಒಂದಾಳು ಎತ್ತಲು ತಿಣುಕಬೇಕಾದಷ್ಟು ದೊಡ್ಡ ಪ್ಲೈವುಡ್ ಹಲಗೆ; ಅದರ ಮೇಲೆ ಅವರ ಹಳೆಯ ಹೊಲ. ಈಗ ಆ ಹೊಲದಲ್ಲಿ ಎರಡು ಅಪಾರ್ಟ್‌ಮೆಂಟು, ಒಂದು ಕಲ್ಯಾಣ ಮಂಟಪ ಎದ್ದಿವೆ. ಚಿತ್ರದಲ್ಲಿ ಮಾತ್ರ ರಾಗಿ ಪೈರು, ಬಾವಿ, ಮೂರು ತೆಂಗಿನ ಮರ, ಒಂದು ಎತ್ತು. ಬರೆದವನು ಅವರ ತಮ್ಮ ಮುನಿರಾಜು. ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಮಿಕ್ಕ ಎನಾಮಲ್ ಬಣ್ಣಗಳನ್ನೇ ಕೂಡಿಟ್ಟುಕೊಂಡು ಅಕ್ಕನಿಗಾಗಿ ಈ ಚಿತ್ರ ಬರೆದಿದ್ದ. ಹಾಗಾಗಿ ಆಕಾಶ ಸೈಕಲ್ ಅಂಗಡಿಯ ಬೋರ್ಡಿನ ನೀಲಿ, ಪೈರು ಔಷಧಿ ಅಂಗಡಿಯ ಹಸಿರು. ಬೋರ್ಡಿನ ಅಕ್ಷರಕ್ಕೆ ಬಲಗಡೆ ಕಪ್ಪು ನೆರಳು ಕೊಡುತ್ತಾರಲ್ಲ, ಆ ಕೈರೂಢಿ ಇಲ್ಲಿಯೂ ಬಿಟ್ಟಿರಲಿಲ್ಲ: ಮರಕ್ಕೂ ಬಾವಿಗೂ ಎತ್ತಿಗೂ ಬಲಗಡೆಗೇ ದಪ್ಪ ನೆರಳು. ಮೂಲೆಯಲ್ಲಿ ಸಹಿಯ ಬದಲು ‘ಮುನಿರಾಜ್ ಆರ್ಟ್ಸ್’ ಎಂದಿತ್ತು. ಚಿತ್ರ ಬರೆದು ಎರಡು ವರ್ಷಕ್ಕೆ ಕಾಮಾಲೆಯಾಗಿ ಹೋಗಿಬಿಟ್ಟ. ಇನ್ನೂ ಮದುವೆ ಆಗಿರಲಿಲ್ಲ. ಅವನದೊಂದು ಫೋಟೋ ಕೂಡ ಇಲ್ಲ. ಪಿಳ್ಳಮ್ಮನವರ ಮದುವೆ ಫೋಟೋದಲ್ಲಿ ಅವನು ಬರೆದ ಸುಸ್ವಾಗತದ ಬೋರ್ಡು ಕಾಣುತ್ತದೆ, ಅವನು ಕಾಣುವುದಿಲ್ಲ.

ಒಂದು ಭಾನುವಾರ ಪಿಳ್ಳಮ್ಮನವರು ನನ್ನನ್ನು ಕೆಳಗೆ ಕರೆದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಇನ್ನು ಹೆಚ್ಚು ದಿನ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಸಾರ್, ನೀವು ಪೇಪರ್‌ನಲ್ಲಿ ಚಿತ್ರದ ಬಗ್ಗೆ ಎಲ್ಲಾ ಬರೀತೀರಂತೆ?”

“ಬರೀತೀನ್ರಿ ಅಮ್ಮಾ.”

“ಹಂಗಾದ್ರೆ ಇದನ್ನೊಂದು ಕಾಗದದಲ್ಲಿ ಬರ್ಕೊಡಿ. ಕಣ್ಣು ಹೋದ್ಮೇಲೆ ಯಾರ್ ಕೈಲಾದ್ರೂ ಓದುಸ್ಕೋತೀನಿ. ದಿನಾ ನೋಡ್ತೀನಿ ಸಾರ್, ಆದ್ರೆ ಕಣ್ಮುಚ್ಕೊಂಡ್ರೆ ಪೂರಾ ಬರಲ್ಲ. ಒಂದ್ ಕಡೆ ಬಂದ್ರೆ ಇನ್ನೊಂದ್ ಕಡೆ ಹೋಗ್ಬುಡ್ತದೆ.”

ನನಗೆ ಹೆಮ್ಮೆಯಾಯಿತು. ಆಫೀಸಿನ ಕ್ಯಾಮೆರಾ ತಂದು ಒಂದು ಫೋಟೋ ಹೊಡೆದುಕೊಂಡೆ. ಮೇಲೆ ನನ್ನ ಕೋಣೆಯಲ್ಲಿ ಕೂತು ಬರೆಯಲು ಅನುಕೂಲ ಎಂದು. ಮುಂದಿನ ಭಾನುವಾರ ಒಂದೂವರೆ ಪುಟ ಬರೆದು ಅವರೆದುರು ಕೂತು ಓದಿದೆ. ಅವರು ಕೈಯಲ್ಲಿದ್ದ ಅವರೆಕಾಯಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ಪೂಜೆಗೆ ಕೂತವರಂತೆ ಕೂತರು. ಆ ಹಾಳೆ ಇನ್ನೂ ನನ್ನ ಹತ್ತಿರವಿದೆ. ಅದರಲ್ಲಿ ಹೀಗಿದೆ: ‘ಈ ಮುಗ್ಧ ರಚನೆಯಲ್ಲಿ ವರ್ಣಗಳು ಪರಸ್ಪರ ಸಂವಾದಿಸದೆ ಕಿರುಚುತ್ತವೆ. ಕಲಾವಿದನಿಗೆ ಬೆಳಕಿನ ಜ್ಞಾನವಿಲ್ಲ. ಸೂರ್ಯ ಬಲಗಡೆಗಿದ್ದು ನೆರಳೂ ಬಲಗಡೆಗೇ ಬಿದ್ದಿದೆ. ಎತ್ತಿನ ಕಾಲುಗಳು ಶರೀರಕ್ಕೆ ಹೊಂದುವುದಿಲ್ಲ. ಬದುವಿನ ಮೇಲೆ ನಿಂತ ಮಾನವಾಕೃತಿ ಅನಗತ್ಯವಾಗಿದ್ದು ಚಿತ್ರದ ಸಮತೋಲನವನ್ನು ಕೆಡಿಸುತ್ತದೆ. ಆದರೂ ಒಟ್ಟಂದದಲ್ಲಿ ಒಂದು ಗ್ರಾಮೀಣ ಲಯವಿದೆ.’

ಓದಿ ಮುಗಿಸಿ ತಲೆಯೆತ್ತಿದೆ. ಹೊಗಳಿಕೆಗೆ ಕಾದಿದ್ದೆ ಎಂದು ಬೇರೆ ಹೇಳಬೇಕೆ?

“ಬದುವಿನ ಮೇಲೆ ನಿಂತಿರೋದು ಅಂದ್ರಲ್ಲ ಸಾರ್, ಏನೋ ಆಕೃತಿ. ಅದು ನಮ್ ಮುನಿರಾಜು. ತನ್ನನ್ನೇ ಬರ್ಕೊಂಡವ್ನೆ.”

ನಾನು ಎದ್ದು ಹೋಗಿ ನೋಡಿದೆ. ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯ. ಆ ಹೊತ್ತಿನಲ್ಲಾದರೂ ನೆಟ್ಟಗೆ ನೋಡಿದೆನೇ? ಇಲ್ಲ. ನಾಚಿಕೆಯಾಗಿತ್ತು, ಚಿತ್ರದ ಕಡೆ ಕಣ್ಣಿಟ್ಟು ಮನಸ್ಸಿನಲ್ಲಿ ಸಮಜಾಯಿಷಿ ಹುಡುಕುತ್ತಿದ್ದೆ.

“ತಪ್ಪೆಲ್ಲಾ ಬರ್ದಿದ್ದೀರಾ. ಇರ್ಲಿ, ಅವನು ಕಲ್ತೋನಲ್ಲ. ಆದ್ರೆ ಏನೈತೆ ಅಂತ ಬರೀಲೇ ಇಲ್ವಲ್ಲ ಸಾರ್. ಅವನು ಎಲ್ ನಿಂತವ್ನೆ, ಏನ್ ಹಾಕ್ಕೊಂಡವ್ನೆ, ಯಾವ್ ಕಡೆ ನೋಡ್ತಾವ್ನೆ, ಅಷ್ಟ್ ಬರೀರಿ ಸಾಕು.”

“ತಪ್ಪಾತ್ರಿ ಅಮ್ಮಾ. ನಾಳೆನೇ ಹೊಸದಾಗಿ ಬರದ್ ಕೊಡ್ತೀನಿ.”

ಆ ನಾಳೆಯ ಕಥೆ ನಿಮಗೂ ಗೊತ್ತಿರುತ್ತದೆ; ನಿಮ್ಮ ಮನೆಯಲ್ಲೂ ಇಂಥ ನಾಳೆಗಳು ಇದ್ದೇ ಇರುತ್ತವೆ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ “ಬರೆದ್ರಾ ಸಾರ್?” ಎನ್ನುತ್ತಿದ್ದರು. ಮೊದಮೊದಲು ನನ್ನ ಕಣ್ಣು ನೋಡಿ ಕೇಳುತ್ತಿದ್ದರು. ಆಮೇಲೆ ನನ್ನ ಹೆಜ್ಜೆ ಸಪ್ಪಳ ಬಂದ ಕಡೆ ತಿರುಗಿ ಕೇಳತೊಡಗಿದರು. ನಾನು ಮೆಟ್ಟಿಲಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದೂ ಉಂಟು. ಐದು ಸಾಲು ಬರೆಯಲು ಅರ್ಧ ಗಂಟೆ ಸಾಕಿತ್ತು. ಏಕೆ ಬರೆಯಲಿಲ್ಲ ಎಂದರೆ, ಅಂಥ ಐದು ಸಾಲು ಬರೆಯುವುದು ನನ್ನ ವಿದ್ಯೆಗೆ ಕಡಿಮೆ ಎನಿಸಿತ್ತು. ಇಷ್ಟು ವರ್ಷದ ಮೇಲೆ ಇದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ಅದೇ ವರ್ಷ ಅವರ ಮಗ ರಮೇಶ್ ಎರಡನೇ ಮಹಡಿ ಕಟ್ಟಿಸಲು ಶುರುಮಾಡಿದ. ಜರಗನಹಳ್ಳಿಯಲ್ಲಿ ಮನೆಗಳು ಹಾಗೇ ಬೆಳೆಯುತ್ತವೆ. ಒಂದು ಮನೆ ಮುಗಿಯಿತು ಅನ್ನುವ ಮಾತೇ ಇಲ್ಲ. ಧೂಳು ಬೀಳುತ್ತದೆ ಎಂದು ಹಾಲಿನ ಸಾಮಾನೆಲ್ಲ ಆಚೆ ಇಟ್ಟರು. ಚಿತ್ರವನ್ನೂ ಇಳಿಸಿ, ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಮುಖವನ್ನು ಗೋಡೆಗೆ ಮಾಡಿ ಮೆಟ್ಟಿಲ ಕೆಳಗೆ ಒರಗಿಸಿದರು. ಪಕ್ಕದಲ್ಲೇ, ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ಬಡಿಯುವ ಸೆಂಟ್ರಿಂಗ್ ಹಲಗೆಗಳ ರಾಶಿ ಇತ್ತು. ಹಿಂದಿನಿಂದ ನೋಡಿದರೆ ಅದೂ ಒಂದು ಪ್ಲೈವುಡ್ ಹಲಗೆ ತಾನೇ. ಒಳ್ಳೆಯ ದಪ್ಪನೆ ಹಲಗೆ. ಬಾಲ್ಕನಿಯ ಸೂರಿಗೆ ಒಂದು ಹಲಗೆ ಕಡಿಮೆ ಬಿದ್ದಾಗ ಮೇಸ್ತ್ರಿ ಅದನ್ನು ಎತ್ತಿಕೊಂಡು ಹೋಗಿ, ನುಣುಪಾದ ಮುಖ ಮೇಲಕ್ಕಿರಲಿ ಎಂದು ಬಣ್ಣದ ಕಡೆಗೇ ಎಣ್ಣೆ ಬಳಿದು, ಅಳತೆಗೆ ಕೊಯ್ದು ಬಡಿದ. ಮೇಲೆ ಕಾಂಕ್ರೀಟು ಬಿತ್ತು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೂರು ವಾರದ ಮೇಲೆ ಹಲಗೆ ಬಿಚ್ಚಿದಾಗ ರಮೇಶ್ ನನ್ನನ್ನು ಕೂಗಿದ. ಬಾಲ್ಕನಿಯಲ್ಲಿ ನಿಂತು ಇಬ್ಬರೂ ತಲೆಯೆತ್ತಿ ನೋಡಿದೆವು. ಸಿಮೆಂಟಿನ ಸೂರಿಗೆ ಅಲ್ಲಲ್ಲಿ ನೀಲಿ ಅಂಟಿಕೊಂಡಿತ್ತು, ಒಂದು ಕಡೆ ಗೇಣುದ್ದ ಹಸಿರು. ನಾನು ಕತ್ತು ನೋಯುವ ತನಕ ಹುಡುಕಿದೆ. ಹೆಬ್ಬೆರಳಿನಷ್ಟು ಎತ್ತರದ ಮನುಷ್ಯ ಎಲ್ಲೂ ಇರಲಿಲ್ಲ. ಹಲಗೆಯ ಮೇಲೂ ಸಿಮೆಂಟು ಕಚ್ಚಿಕೊಂಡು ಏನೂ ಉಳಿದಿರಲಿಲ್ಲ.

“ಅಮ್ಮಂಗೆ ಹೇಳ್ಬೇಡಿ ಸಾರ್,” ಎಂದ ರಮೇಶ್. ದೊಡ್ಡ ಮನುಷ್ಯ, ಗಳಗಳ ಅತ್ತ. “ಹೆಂಗೂ ಈಗ ಕಾಣಲ್ವಲ್ಲ ಅವ್ರಿಗೆ.”

ಆದರೆ ಚಿತ್ರ ಇಳಿಸುವ ತನಕ ಪಿಳ್ಳಮ್ಮನವರು ದಿನವೂ ಗೋಡೆಯ ಹತ್ತಿರ ಹೋಗಿ ಹಲಗೆಯನ್ನು ಸವರುತ್ತಿದ್ದರು ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಸಾಮಾನೆಲ್ಲ ಹಾಲಿಗೆ ಮರಳಿ ಬಂದ ದಿನ ಅವರ ಕೈಗೆ ಬರೀ ಮೊಳೆ ಸಿಕ್ಕಿತು. ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನನ್ನನ್ನು ಕರೆಸಿದರು.

“ಸಾರ್, ಕಾಗದ ಓದಿ.”

ನನ್ನ ಹತ್ತಿರ ಇದ್ದದ್ದು ಆ ಹಳೆಯ ಒಂದೂವರೆ ಪುಟ. ಹೊಡೆದುಕೊಂಡಿದ್ದ ಫೋಟೋವನ್ನು ಹಿಂದಿನ ರಾತ್ರಿಯೇ ತೆಗೆದು ನೋಡಿದ್ದೆ. ಎನಾಮಲ್ ಬಣ್ಣಕ್ಕೆ ಹೊಳಪು ಜಾಸ್ತಿ. ಫ್ಲ್ಯಾಷಿನ ಬೆಳಕು ಸರಿಯಾಗಿ ಬದುವಿನ ಮೇಲೇ ಬಡಿದು, ಅಲ್ಲಿ ಯಾರೋ ನಿಂತಂತೆ ಒಂದು ಬಿಳಿ ಮಚ್ಚೆ ಮಾತ್ರ ಉಳಿದಿತ್ತು. ಹಾಗಾಗಿ ಬಾಯಲ್ಲೇ ಹೇಳತೊಡಗಿದೆ. ಬಾವಿ ಎಡಗಡೆಗೆ, ಅದರ ಹಿಂದೆ ಮೂರು ತೆಂಗಿನ ಮರ, ಎಲ್ಲದರ ನೆರಳೂ ಬಲಕ್ಕೆ. ತಪ್ಪು ಎಂದು ಬರೆದದ್ದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ಅವರು ಹೂಂ, ಹೂಂ ಎನ್ನುತ್ತ ಕೇಳಿದರು. ಎತ್ತಿನ ಉದ್ದನೆ ಕಾಲಿನ ಮಾತು ಬಂದಾಗ ಸ್ವಲ್ಪ ನಕ್ಕರು ಕೂಡ.

“ಮುನಿರಾಜು?”

“ಬದುವಿನ ಮ್ಯಾಲ ನಿಂತಾನ್ರಿ.”

“ಯಾವ್ ಕಡೆ ತಿರುಗವ್ನೆ? ಒಂದ್ ದಿನ ಬಾವಿ ಕಡೆ ಅನ್ಸುತ್ತೆ, ಒಂದ್ ದಿನ ರಸ್ತೆ ಕಡೆ ಅನ್ಸುತ್ತೆ. ಎಷ್ಟ್ ವರ್ಷ ನೋಡಿದೀನಿ, ನೋಡಿ, ಈಗ ಗ್ಯಾನ ಬರ್ತಿಲ್ಲ.”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು. ಮುದುಕಿಗೆ ಸಮಾಧಾನವಾಗಲಿ ಎಂದುಕೊಂಡು ಹೇಳಿಬಿಟ್ಟೆ: “ನಿಮ್ಮ ಕಡೆನೇ ತಿರುಗ್ಯಾನ್ರಿ ಅಮ್ಮಾ. ನಿಮ್ಮನ್ನೇ ನೋಡಾಕತ್ತಾನ.”

ಅವರ ಮುಖ ಅರಳಿತು. ಅದನ್ನು ನೋಡಿ ನಾನೂ ಕ್ಷಣ ಹೊತ್ತು ಹಗುರಾದೆ. ಅವರು ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟು ಮುಂದಕ್ಕೆ ಬಾಗಿ ಕೇಳಿದರು:

“ನನ್ ಕಡೆಗಾ? ಹಂಗಾದ್ರೆ ಮುಖ ಹೆಂಗೈತೆ ಹೇಳಿ ಸಾರ್.”

ನಾನು ಬಾಯಿ ತೆರೆದೆ. ಮೂಗು, ಮೀಸೆ, ನಗು, ಯಾವುದನ್ನು ಬೇಕಾದರೂ ಹೇಳಬಹುದಿತ್ತು; ಆಮಂತ್ರಣ ಪತ್ರ ನೋಡಿ ವಿಮರ್ಶೆ ಬರೆದವನು ನಾನು. ಅವರು ಬಹಳ ಹೊತ್ತು ಹಾಗೇ ಬಾಗಿಕೊಂಡು ಕಾದರು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಒರಗಿಕೊಂಡರು.

“ಬುಡಿ ಸಾರ್,” ಎಂದರು. “ಟೀ ಕುಡೀರಿ, ಆರೋಗ್ತದೆ.”

ಆಮೇಲೆ ಅವರು ಆ ಮಾತೆತ್ತಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ “ಊಟ ಆಯ್ತಾ ಸಾರ್?” ಎನ್ನುತ್ತಿದ್ದರು. ನಾನು ಮುಂದಿನ ವರ್ಷವೇ ಆಫೀಸಿಗೆ ಹತ್ತಿರ ಎಂಬ ನೆಪ ಹೇಳಿ ಬಿಟಿಎಂಗೆ ಬಂದೆ. ಅವರು ಹೋದ ಸುದ್ದಿ ತಿಳಿದದ್ದು ತಿಥಿ ಮುಗಿದ ಮೇಲೆ.

ಈಗ ತಡೆಯಲಾಗದೆ ಕೆಳಗಿಳಿದು ಹೋಗಿ ಗೇಟಿನ ಹತ್ತಿರ ನಿಂತು ಬಂದೆ. ಬಣ್ಣ ಹೊಡೆಯುವವನು ತಿರುಗಿ ನೋಡಿ, “ಯಾಕೆ ಸಾರ್, ಬಣ್ಣ ಸರಿ ಇಲ್ವಾ?” ಎಂದ. “ಸರಿ ಐತಪ್ಪ, ಸುಮ್ನೆ ನೋಡಾಕತ್ತೀನಿ,” ಎಂದೆ. ಮೇಲೆ ಬಂದು ಒಂಬತ್ತು ಸೂತ್ರದ ಹಾಳೆ ಹರಿದು ಹಾಕಿ, ಹೊಸ ಹಾಳೆಯಲ್ಲಿ ಬರೆದೆ: ‘ಗೇಟಿನ ಮುಂದೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದಾನೆ. ನಮಗೆ ಬೆನ್ನು ಮಾಡಿದ್ದಾನೆ. ಬೂದು ಬಣ್ಣದ ಅಂಗಿ, ಎಡಗಡೆ ತೋಳು ಮಡಚಿದೆ, ಬಲಗಡೆಯದು ಇಳಿದಿದೆ. ಕಿವಿಯ ಹಿಂದೆ ಒಂದು ಬೆರಳಗಲ ಹಸಿರು ಹತ್ತಿದೆ.’ ಸರಾಗವಾಗಿ ಬಂತು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಧೈರ್ಯದಲ್ಲಿ ಎರಡನೇ ಹಾಳೆ ತೆಗೆದುಕೊಂಡೆ. ‘ಬದುವಿನ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ’ ಎಂದು ಬರೆದೆ. ಮಧ್ಯಾಹ್ನವಾಗುತ್ತ ಬಂತು, ಕೆಳಗೆ ಗೇಟಿನ ಕೆಲಸ ಮುಗಿದು ಅವನು ಡಬ್ಬ ಬ್ರಷ್ಷು ಎತ್ತಿಕೊಂಡು ಹೊರಟೂ ಆಯಿತು. ಹಾಳೆಯಲ್ಲಿ ಇನ್ನೂ ಆ ಒಂದೇ ಸಾಲಿದೆ. ಮಕ್ಕಳಿಗೆ ಎರಡೂ ಹಾಳೆ ಕೊಡುತ್ತೇನೆ.