ಅಪ್ಪ ತಂದ ಸ್ಕೇಟಿಂಗ್ ಫ್ರಾಕ್

ಇವತ್ತು ಬೆಳಿಗ್ಗೆ ಮಸ್ಕತ್‌ನಿಂದ ರಜೆಗೆ ಬಂದಿಳಿದವಳು, ತೊಕ್ಕೊಟ್ಟಿನಲ್ಲಿ ನನ್ನಮ್ಮನ ಜೊತೆಗಿರುವ ಮಗಳನ್ನು ನೋಡುವ ಮೊದಲು ಬಿಜೈಯ ಅಂಗಡಿಯೊಂದಕ್ಕೆ ಹೋದೆ. ಅವಳಿಗೊಂದು ಫಿಗರ್ ಸ್ಕೇಟಿಂಗ್ ಡ್ರೆಸ್ ಬೇಕಿತ್ತು. ಹೊಸ ನೈಲಾನಿನ ವಾಸನೆ ಮೂಗಿಗೆ ಬಡಿದದ್ದೇ ಅಪ್ಪನ ದುಬೈ ಪೆಟ್ಟಿಗೆ ನೆನಪಾಯಿತು.

ನನ್ನ ಶಾಲೆಯ ದಿನಗಳಲ್ಲಿ ಒಮ್ಮೆ ರಜೆಗೆ ಬಂದಾಗ, ಸಾಬೂನು, ಹಾಲಿನ ಪುಡಿ ಡಬ್ಬಗಳ ಅಡಿಯಿಂದ ಅಪ್ಪ ನೀಲಿ ಸ್ಕೇಟಿಂಗ್ ಫ್ರಾಕ್ ತೆಗೆದಿದ್ದರು. ಅದರ ಹರಳುಗಳು ಬೆರಳಿಗೆ ಒರಟಾಗಿ ತಾಗುತ್ತಿದ್ದವು. ಫ್ರಾಕ್ ನನ್ನ ಭುಜದಿಂದ ಕೆಳಗಿಳಿಯಲೇ ಇಲ್ಲ.

"ನೀನು ಇಷ್ಟೇ ಇದ್ದದ್ದಲ್ವಾ ಮಾರಾಯ್ತಿ? ಅಂಗಡಿಯಲ್ಲೂ ಹೀಗೇ ತೋರಿಸಿದ್ದು," ಎಂದರು ಅಪ್ಪ. ಎತ್ತರ ತೋರಿಸುತ್ತಿದ್ದ ಅವರ ಕೈ ಸೊಂಟದ ಹತ್ತಿರವೇ ನಿಂತಿತ್ತು. ನಾನು ಆಗಲೇ ಅವರ ಎದೆಯವರೆಗೆ ಬೆಳೆದಿದ್ದೆ. ಮಗಳ ಎತ್ತರ ಗೊತ್ತಿಲ್ಲದವರು ಎಂಥ ಅಪ್ಪ ಎಂದು ಸಿಟ್ಟು ಬಂದಿತ್ತು.

"ಮಗಳು ಎಷ್ಟು ಎತ್ತರ ಉಂಟು?" ಎಂದು ಇವತ್ತು ಅಂಗಡಿಯಾಕೆ ಕೇಳಿದಳು.

ಫೋನಿನಲ್ಲಿ ದಿನಾ ನನಗೆ ಕಾಣುವುದು ಅವಳ ಮುಖ ಮಾತ್ರ. ನನ್ನ ಕೈ ಸೊಂಟದ ಹತ್ತಿರ ಹೋಗಿ ನಿಂತಿತು.