ಬಳಿ ಗಂಗವ್ವನ ಮನೆಯಲ್ಲಿ ನನ್ನ ಆಫೀಸು

ನಮ್ಮವ್ವ ಗಂಡ ಸತ್ತ ಮೇಲೂ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು ಓಡಾಡಿದ ಹೆಂಗಸು. ಅಪ್ಪ ತೀರಿಕೊಂಡಾಗ ಬಳೆ ಒಡೆಸಲು ಓಣಿಯ ಹಿರಿಯ ಹೆಂಗಸರು ಬಂದು ಕೂತಿದ್ದರು. ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೇಳಿದಳು: "ಬಳಿ ಮಾರಾಕಿ ಬರೇ ಕೈಲೆ ಮಂದಿ ಬಾಗಲಕ್ಕ ಹೋಗಿ ನಿಂತ್ರ ಯಾರ ತೊಗೊಳ್ತಾರ? ನನ್ನ ಮಗಳಿಗೆ ನೀವ್ ರೊಟ್ಟಿ ಹಾಕ್ತೀರೇನ?" ಹೆಂಗಸರು ಎದ್ದು ಹೋದರು. ಬಳೆ ಉಳಿದವು. ಆಮೇಲೆ ಅದೇ ಹೆಂಗಸರು ತಮ್ಮ ಮಕ್ಕಳ ಮದುವೆಗೆ ಅವಳಿಂದಲೇ ಬಳೆ ಇಡಿಸಿಕೊಂಡರು.

ಗೋಕಾಕದಲ್ಲಿ ಗಂಗವ್ವ ಎಂದು ಕೇಳಿದರೆ ಮನೆ ಸಿಗುತ್ತಿರಲಿಲ್ಲ, ಬಳಿ ಗಂಗವ್ವ ಎನ್ನಬೇಕು. ಬೆಳಿಗ್ಗೆ ಬಳೆಗಳ ಮಲಾರ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳೆಂದರೆ ಇವತ್ತು ಕಲ್ಲೋಳಿ, ನಾಳೆ ಮೂಡಲಗಿ. ಯಾರ ಮನೆಯ ಸೊಸೆ ಬಸುರಿ, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಹೆಣ್ಣುಮಕ್ಕಳ ಕೈ ಹಿಡಿದು ಬೆರಳಿನ ಬುಡ ಮೆತ್ತಗೆ ಒತ್ತುತ್ತ, "ಕೈ ಸಡ್ಲ ಬಿಡವ್ವಾ, ಬಳಿ ತಾನ ಏರ್ತೈತಿ" ಅನ್ನುವಳು. ಅವರು ಕೈಯ ಜೊತೆಗೆ ನಾಲಿಗೆಯನ್ನೂ ಸಡಿಲ ಬಿಡುತ್ತಿದ್ದರು. ಕೇಳಿದ್ದನ್ನು ಅವ್ವ ಇನ್ನೊಂದು ಮನೆಯಲ್ಲಿ ಎಂದೂ ಆಡಲಿಲ್ಲ. "ಬಳಿಗಾರ್ತಿ ಬಾಯಿ ಬಿಟ್ಟಳಂದ್ರ ಆ ಓಣ್ಯಾಗ ಮತ್ತ ಕಾಲಿಡಂಗಿಲ್ಲ" ಎಂಬುದು ಅವಳ ಕಸುಬಿನ ಕಾನೂನು.

ನಾನು ಅವಳ ಒಬ್ಬಳೇ ಮಗಳು. ಪುಣೆಯ ಒಂದು ವಿಮಾ ಕಂಪನಿಯಲ್ಲಿ ಕನ್ನಡದ ಗಿರಾಕಿಗಳ ಫೋನು ತೆಗೆದುಕೊಳ್ಳುವ ಕೆಲಸ ನನ್ನದು. ಮೊಣಕಾಲು ಅವ್ವನನ್ನು ಮನೆಯಲ್ಲಿ ಕೂರಿಸಿದಾಗ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಅವಳು ಹಪ್ಪಳದ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಾಳೆಂದು ಪಕ್ಕದ ಮನೆಯ ಮುಮ್ತಾಜ್ ವೈನಿ ಫೋನು ಮಾಡಿದಾಗ, ನಾನು ಕಂಪನಿಯ ಒಪ್ಪಿಗೆ ಪಡೆದು ಕೆಲಸವನ್ನು ಗೋಕಾಕಕ್ಕೇ ತಂದೆ. ಎರಡು ಕೋಣೆಯ ಮನೆ. ಮುಂದಿನ ಕೋಣೆ ಆಫೀಸಾಯಿತು.

ಮೊದಲ ವಾರದಲ್ಲೇ ಗೊತ್ತಾಯಿತು, ಆ ಕೋಣೆಯಲ್ಲಿ ನನಗಿಂತ ಮೊದಲೇ ಒಂದು ಆಫೀಸು ನಡೆಯುತ್ತಿತ್ತು. ಅವ್ವ ಊರು ತಿರುಗುವುದನ್ನು ಬಿಟ್ಟಿದ್ದಳೇ ಹೊರತು ಗಿರಾಕಿಗಳು ಅವಳನ್ನು ಬಿಟ್ಟಿರಲಿಲ್ಲ. ಸೀಮಂತದ ಹೆಣ್ಣುಮಕ್ಕಳು, ಅವರ ಅವ್ವಂದಿರು, ಜೊತೆಗೆ ಬಂದ ಅತ್ತೆಯರು ಎಲ್ಲ ಸೀದಾ ಒಳಗೆ ಬಂದು ನನ್ನ ಮೇಜಿನ ಬುಡದಲ್ಲೇ ಚಾಪೆ ಹಾಸುತ್ತಿದ್ದರು. ನಾನು ಫೋನಿನಲ್ಲಿ "ತಮ್ಮ ಪಾಲಿಸಿ ನಂಬರ್ ಹೇಳ್ತೀರಾ ಸರ್" ಅನ್ನುವಾಗ ಕೆಳಗಿನಿಂದ "ಇದು ಬ್ಯಾಡ್ರಿ ಕಾಕೂ, ಆ ಮಿಂಚಿನ್ದು ತೋರ್ಸ್ರಿ" ಎಂದು ಕೇಳುತ್ತಿತ್ತು. ಹಾವೇರಿಯ ಒಬ್ಬರು, "ಮೇಡಂ, ನೀವು ಜಾತ್ರೇಲಿದ್ದೀರಾ?" ಎಂದೇ ಕೇಳಿದರು.

ಗಿರಾಕಿಗಳನ್ನು ಹಿತ್ತಿಲಿಗೆ ಸಾಗಿಸಿದೆವು. ಆದರೆ ಅವ್ವನ ಕೈ? ಅವಳು ಹೊರಳಿದರೆ ಗಲ್, ಚಹಾ ಕುಡಿದರೆ ಗಲ್. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ನೌಕರಿ ಹೋದೀತು ಎಂದು ಹೇಳಿದೆ. "ಸ್ವಲ್ಪ ತಗದಿಡು ಅವ್ವಾ, ಸಂಜಿಗೆ ಹಾಕ್ಕೋ."

"ನಿಮ್ಮಪ್ಪ ಸತ್ತಾಗ ತಗೀಲಿಲ್ಲ. ನಿಮ್ಮ ಕಂಪನಿಗೆ ತಗೀತೇನೇನ?"

ಆದರೂ ಮರುದಿನ ನಾನು ಹೆಡ್‌ಫೋನ್ ಹಾಕಿಕೊಳ್ಳುವ ಹೊತ್ತಿಗೆ ಅವಳು ಹಳೆಯ ಸೀರೆ ಹರಿದು ಎರಡೂ ಮುಂಗೈಗೆ ಸುತ್ತಿಕೊಂಡು ಕೂತಿದ್ದಳು, ಕುಸ್ತಿಯಲ್ಲಿ ಪೆಟ್ಟು ತಿಂದ ಪೈಲ್ವಾನನ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ. ಡ್ಯೂಟಿ ಮಾಡು" ಎಂದು ಗದರಿಸಿದಳು.

ಕಷ್ಟ ಇರಲಿಲ್ಲ ಎಂದರೆ ಸುಳ್ಳಾದೀತು. ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ತಿಕ್ಕಿ, ರೊಟ್ಟಿ ಮಾಡಿ, ಗುಳಿಗೆ ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿ ಕೂರುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳ ಸ್ನಾನ. ಎಷ್ಟೋ ಸಲ ಒಂದು ಕಿವಿಯಲ್ಲಿ ಪುಣೆ, ಇನ್ನೊಂದು ಕಿವಿಯಲ್ಲಿ ಅವ್ವ. ಬಚ್ಚಲಿಗೆ ಅವಳನ್ನು ಹಿಡಿದು ನಡೆಸುತ್ತಲೇ ಮೀಟಿಂಗಿನಲ್ಲಿ "ಯೆಸ್ ಮೇಡಂ" ಎಂದದ್ದಿದೆ. "ನನಗ ಯಾಕ ಮೇಡಂ ಅಂತಿ?" ಎಂದು ಅವ್ವ ಬೆರಗಾಗಿದ್ದಳು.

ಒಂದು ದಿನ ನನ್ನ ಹೆಡ್‌ಫೋನ್ ಕೆಟ್ಟಿತು. ಬೇರೆ ಬರುವವರೆಗೆ ಸ್ಪೀಕರ್ ಹಾಕಿ ಮಾತಾಡುತ್ತಿದ್ದೆ. ಬಾಗಲಕೋಟೆ ಕಡೆಯ ಒಬ್ಬ ಮುದುಕರು ಬೆಂಕಿಯಾಗಿದ್ದರು. ಹೆಂಡತಿಗೆ ಆಪರೇಶನ್ ಆಗಿತ್ತು, ಅವರ ಕಾಗದ ಎಲ್ಲೋ ಸಿಕ್ಕಿಕೊಂಡಿತ್ತು. ನಾನು ಏನು ಹೇಳಿದರೂ ಅವರ ದನಿ ಏರುತ್ತಲೇ ಹೋಯಿತು. ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದು ನನ್ನ ಹೆಗಲ ಮೇಲಿಂದ ಬಾಗಿ ಕೇಳಿಯೇ ಬಿಟ್ಟಳು:

"ಯಣ್ಣಾ, ಸಿಟ್ಟು ಆಮ್ಯಾಲ ಮಾಡು. ಅಕಿ ಊಟ ಮಾಡಾಕತ್ತಾಳೋ ಇಲ್ಲೋ, ಅದನ್ನ ಹೇಳು."

ಆ ಕಡೆಯ ದನಿ ತಗ್ಗಿತು: "ನಿನ್ನಿ ಅರ್ಧ ರೊಟ್ಟಿ ತಿಂದ್ಲಬೇ."

"ಅರ್ಧ ತಿಂದಾಕಿ ನಾಳಿ ಪೂರಾ ತಿಂತಾಳ. ಕಾಗದ ನನ್ನ ಮಗಳು ನೋಡ್ತಾಳ. ಹುಡುಗಿ ಚಲೋ ಅದಾಳ, ಸ್ವಲ್ಪ ಸಿಟ್ಟು ಜಾಸ್ತಿ."

"ನಮ್ಮಾಕಿನೂ ಹಂಗ ಅದಾಳ್ ನೋಡಬೇ," ಎಂದರು ಮುದುಕರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಕಾಗದ ಎರಡು ದಿನದಲ್ಲಿ ಸರಿಹೋಯಿತು. ಆದರೆ ರೆಕಾರ್ಡಿಂಗ್ ಪುಣೆ ತಲುಪಿತ್ತು. ನನ್ನ ಮೇಲಿನ ಅಧಿಕಾರಿ ಮೃಣಾಲ್ ಮೇಡಂ ವಿಡಿಯೋ ಕರೆಯಲ್ಲಿ ಬಂದು, ಹೊರಗಿನವರು ಗಿರಾಕಿಗಳ ಜೊತೆ ಮಾತಾಡುವುದು ಎಷ್ಟು ದೊಡ್ಡ ತಪ್ಪು, ಇನ್ನೊಮ್ಮೆ ಹೀಗಾದರೆ ಮನೆಯಿಂದ ಕೆಲಸ ಬಂದ್ ಎಂದು ಖಡಕ್ಕಾಗಿ ಹೇಳಿದರು. ಅವರ ಮರಾಠಿ ಕಿವಿಗೆ ಬಿದ್ದದ್ದೇ ತಡ, ಅವ್ವ ಚಾಪೆಯಿಂದಲೇ ಜರುಗಿ ಬಂದಳು. ಅವಳ ತವರು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಅಲ್ಲಿಯವರಿಗೆ ಕನ್ನಡ ಒಂದು ಕೈ, ಮರಾಠಿ ಇನ್ನೊಂದು ಕೈ. "ಬಾಈ, ಜೇವಲೀಸ್ ಕಾ?" ಎಂದು ಕೇಳಿದಳು, ಊಟ ಆಯಿತೇನವ್ವಾ ಎಂದು. ಮಧ್ಯಾಹ್ನ ಮೂರು ದಾಟಿತ್ತು. ಮೇಡಂ ಊಟ ಮಾಡಿರಲಿಲ್ಲ. ಅವ್ವನ ಬೈಗುಳ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಆ ಖಡಕ್ ಹೆಂಗಸು ತಮ್ಮ ತಾಯಿಯ ಕಣ್ಣಿನ ಪೊರೆ, ತಮ್ಮ ಬೆನ್ನುನೋವು ಎಲ್ಲ ಹೇಳುತ್ತ ಕೂತಿದ್ದರು. ಎಚ್ಚರಿಕೆ ಎಚ್ಚರಿಕೆಯಾಗಿಯೇ ಉಳಿಯಿತು, ಅವ್ವ ಮತ್ತೆಂದೂ ನನ್ನ ಕರೆಗಳಲ್ಲಿ ಬಾಯಿ ಹಾಕಲಿಲ್ಲ. ಆದರೆ ಶುಕ್ರವಾರದ ಮೀಟಿಂಗು ಮುಗಿದ ಮೇಲೆ "ಆಯೀನಾ ಬೋಲವಾ" ಎಂದು ಮೇಡಂ ಅವಳನ್ನು ಕರೆಸತೊಡಗಿದರು.

ಅಂಥದೊಂದು ಶುಕ್ರವಾರ ಅವ್ವ ಪರದೆಯತ್ತ ಕಣ್ಣು ಕಿರಿದು ಮಾಡಿ, "ಸುಮಿ, ಎಲ್ಲಾರಿಗೂ ಕೈ ಎತ್ತಾಕ ಹೇಳು" ಎಂದಳು. ಪುಣೆ, ನಾಗಪುರ, ಸೊಲ್ಲಾಪುರದ ಹುಡುಗಿಯರೆಲ್ಲ ನಗುತ್ತ ಕೈ ಎತ್ತಿದರು. ಒಬ್ಬೊಬ್ಬರ ಅಳತೆ ಹೇಳಿದಳು, ನಾನು ಬಳೆ ಕಟ್ಟಿ ಪಾರ್ಸೆಲ್ ಕಳಿಸಿದೆ. ಎಲ್ಲರಿಗೂ ಅಳತೆ ಸರಿಹೋಯಿತು. ಮೃಣಾಲ್ ಮೇಡಂರ ಬಳೆ ಮಾತ್ರ ಮೊಣಕೈವರೆಗೆ ಜಾರಿ ಹೋಯಿತು. ಅವ್ವ ಒಪ್ಪಲಿಲ್ಲ. "ಖರೆ ಕೈ ಹಿಡಿದು ನೋಡಿದ್ರ ತಪ್ತಿದ್ದಿಲ್ಲ. ನಿನ್ನ ಡಬ್ಬ್ಯಾಗ ಮಂದಿ ದಪ್ಪ ಕಾಣ್ತಾರ" ಎಂದು ಲ್ಯಾಪ್‌ಟಾಪಿನ ಮೇಲೆ ತಪ್ಪು ಹೊರಿಸಿದಳು.

ಮರುವರ್ಷ ಎಲ್ಲರೂ ಪುಣೆಯ ಆಫೀಸಿಗೆ ಬರಬೇಕೆಂದು ಕಂಪನಿ ಹೇಳಿತು. ಈ ಓಣಿಯಿಂದ ಕಿತ್ತರೆ ಅವ್ವ ಬದುಕಿಯಾಳೇ? ನೌಕರಿ ಬಿಡುವುದೆಂದು ಒಳಗೊಳಗೇ ನಿರ್ಧಾರ ಮಾಡಿ, ಅವಳಿಗೆ ಹೇಗೆ ಹೇಳಲಿ ಎಂದು ತಡವರಿಸಿದೆ. ಕೊನೆಗೆ ಪುಣೆಗೆ ಕರೆದಿದ್ದಾರೆ ಎಂದಷ್ಟೇ ಹೇಳಿದೆ. ಅವಳು ಕೇಳಿ, "ಅಷ್ಟ ಏನ? ನಡಿ ಹೋಗೂಣು" ಎಂದಳು.

"ಅಲ್ಲಿ ನಿನಗ ಯಾರ ಗೊತ್ತದಾರ ಅವ್ವಾ?"

"ಪುಣೇದಾಗ ಹೆಣ್ಮಕ್ಕಳಿಗೆ ಕೈ ಇಲ್ಲೇನ?"

ಮರುದಿನದಿಂದಲೇ ಬಳೆ ಹುಲ್ಲಿನಲ್ಲಿ ಸುತ್ತಿ ಡಬ್ಬಿಗೆ ತುಂಬತೊಡಗಿದಳು. ಓಣಿಯವರೆಲ್ಲ ಬಂದು ಅತ್ತರು, ಮುಮ್ತಾಜ್ ವೈನಿ ಬಿರಿಯಾನಿ ಮಾಡಿ ತಂದರು. ಅವ್ವ ಮಾತ್ರ ಮದುವಣಗಿತ್ತಿಯಂತೆ ಹುರುಪಿನಲ್ಲಿದ್ದಳು. ಅಷ್ಟರಲ್ಲಿ ಮೃಣಾಲ್ ಮೇಡಂ ಫೋನು ಮಾಡಿದರು: ಉತ್ತರ ಕರ್ನಾಟಕದ ಗಿರಾಕಿಗಳು ನನ್ನನ್ನೇ ಹೆಸರು ಹಿಡಿದು ಕೇಳುತ್ತಾರೆ, ಆ ಕಡೆ ನಾನಿರುವುದೇ ಒಳ್ಳೆಯದು ಎಂದು ಮೇಲಿನವರನ್ನು ಒಪ್ಪಿಸಿದ್ದರು. ನಾನು ಕುಣಿದಾಡಿದೆ. ಅವ್ವ ಮೋರೆ ಇಳಿಬಿಟ್ಟು, ಕಟ್ಟಿದ ಡಬ್ಬಿಗಳನ್ನು ನೋಡುತ್ತ ಕೂತಳು. "ಛೇ! ಬಿರಿಯಾನಿ ಬ್ಯಾರೆ ತಿಂದ ಬಿಟ್ವಿ. ಈಗ ವೈನಿಗೆ ಏನಂತ ಹೇಳೂದು?"

ಹೋದ ಚಳಿಗಾಲದಲ್ಲಿ ಅವಳ ಪುಪ್ಪುಸಕ್ಕೆ ನಂಜು ಹತ್ತಿತು. ಘಟಪ್ರಭಾದ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿಯ ವರಾಂಡದಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಪಕ್ಕದ ಹಳಿಯಲ್ಲಿ ರೈಲು ಬಂದಾಗ ಮೈಕ್ ಬಂದ್ ಮಾಡುವುದು, ಹೋದ ಮೇಲೆ ತೆರೆಯುವುದು. ಒಂದು ಸಂಜೆ ಒಳಗೆ ಹೋದಾಗ ಅವಳಿಗೆ ಉಸಿರು ಸ್ವಲ್ಪ ಹಗುರಾಗಿತ್ತು.

"ನಿನ್ನ ಮೀಟಿಂಗ್ ಮುಗೀತೇನ?"

"ಮುಗೀತವ್ವಾ."

"ಹಂಗಾರ ಬಾ, ಬಾಜೂಕ ಕೂಡು. ಒಂದ ಮಜಾ ಹೇಳ್ತೇನಿ."

ದಡ್ಡಿಯಲ್ಲಿ ಅವಳು ಹುಡುಗಿಯಾಗಿದ್ದಾಗಿನ ಮಾತು. ಗೆಳತಿ ಕಸ್ತೂರಿಯ ಜೊತೆ ಹೊಳೆ ದಾಟಲು ದೋಣಿ ಹತ್ತಿದ್ದಳಂತೆ. ಎದುರಿಗೆ ಒಬ್ಬ ಹುಡುಗ ಬಳೆಗಳ ದೊಡ್ಡ ಬುಟ್ಟಿ ಇಟ್ಟುಕೊಂಡು ಜಾಗವೆಲ್ಲ ಹಿಡಿದಿದ್ದ. ಅವ್ವ ಈ ದಡದಿಂದ ಆ ದಡದವರೆಗೂ ಅವನಿಗೆ ಬೈದಳಂತೆ. ಮರುದಿನ ಅವಳ ಮನೆಗೆ ಕನ್ಯೆ ನೋಡಲು ಬಂದವರ ನಡುವೆ ಅದೇ ಹುಡುಗ ಕೂತಿದ್ದ. ನಮ್ಮಪ್ಪ. "ದೋಣಿ ಇಳಿಯೂ ಮುಂದ ಅಂವ ಅಂದಿದ್ದ ಮಾತ ಏನ ಗೊತ್ತೈತಿ?" ಎಂದು ನಗಲು ಹೋಗಿ ಕೆಮ್ಮಿದಳು. ನರ್ಸ್ ಬಂದು ಸೂಜಿ ಚುಚ್ಚಿ ಮಲಗಿಸಿದಳು. ಅವ್ವ ಮತ್ತೆ ಎಚ್ಚರಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ರಜೆಯ ದಿನ ದಡ್ಡಿಯ ಬಸ್ಸು ಹತ್ತಿದೆ. ಕಸ್ತೂರವ್ವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಲ್ಲಿಲ್ಲದ, ಕಿವಿ ಚುರುಕಾದ ಮುದುಕಿ, ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ನಾನು ಯಾರೆಂದು ತಿಳಿದು ಸ್ವಲ್ಪ ಹೊತ್ತು ನನ್ನ ಕೈ ಹಿಡಿದು ಅತ್ತಳು. ದೋಣಿಯ ಮಾತು ಕೇಳಿದಾಗ ಅಳು ನಿಂತಿತು.

"ನಿಮ್ಮಪ್ಪನ ಜೋಡಿ ಅಂವನ ಅವ್ವ ಇದ್ಲು. ಅಂವ ಅಕಿ ಕಿವ್ಯಾಗ ಅಂದಾ, ನಾ ಬಾಜೂಕ ಇದ್ದೆ, ಕೇಳ್ಸಿತು. 'ಯವ್ವಾ, ನಾಳಿ ನೋಡೂ ಕನ್ಯಾ ಬ್ಯಾಡ. ಈಕಿ ಯಾರ ಮಗಳ ಕೇಳು. ಇಷ್ಟ ಬಾಯಿ ಇದ್ದಾಕಿ ಸಿಕ್ರ ಮೂರ ತಾಲೂಕಿನ ಬಳಿ ಒಂದ ದಿನದಾಗ ಖಾಲಿ ಮಾಡ್ತಾಳ.'"

ಕಸ್ತೂರವ್ವ ನಗುತ್ತ ನಗುತ್ತ ಬೊಗಸೆ ತುಂಬ ಶೇಂಗಾ ನನ್ನ ಉಡಿಗೆ ಹಾಕಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕಟ್ಟೆಯ ಮೇಲೆ ಸರಿಯಾಗಿ ಕೂತು, "ಆಮ್ಯಾಲ ಏನಾತ್ರಿ ದೊಡ್ಡವ್ವಾ?" ಎಂದು ಕೇಳಿದೆ.