ಕೂರಲು ಬಿಡದ ಅಕ್ಕೋರು

ಅಕ್ಕೋರ ಎಡಗಾಲಿನ ಚಪ್ಪಲಿ ಹೊರ ಅಂಚಿನಲ್ಲಿ ಮಾತ್ರ ಸವೆದಿರುತ್ತಿತ್ತು. ಆ ಕಾಲನ್ನು ಅವರು ಪೂರ್ತಿ ಊರುತ್ತಿರಲಿಲ್ಲ. ಆದರೂ ಒಂದು ಕಡೆ ನಿಂತವರಲ್ಲ. ರಾಣೆಬೆನ್ನೂರಿನ ಅವರ ಟೈಪಿಂಗ್ ಕ್ಲಾಸಿನಲ್ಲಿ ನಾವು ಕೀಲಿ ಕುಟ್ಟುತ್ತಿದ್ದರೆ, ಬೆನ್ನ ಹಿಂದೆ ಚಪ್ಪಲಿ ಎಳೆಯುವ ಸದ್ದು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಿತ್ತು.

ಟೈಪ್‌ರೈಟರುಗಳ ಪಕ್ಕಕ್ಕೆ ಆಗಷ್ಟೇ ಕಂಪ್ಯೂಟರ್ ಬಂದಿದ್ದ ವರ್ಷಗಳವು. ಅಕ್ಕೋರು ನಮ್ಮ ಬೆರಳಿಗಿಂತ ಮೊದಲು ಪಾದ ನೋಡುತ್ತಿದ್ದರು. ಕಾಲು ನೇತಾಡುತ್ತಿದ್ದರೆ ಕೆಳಗೆ ಮಣೆ ಸರಿಸುವರು. ಕಾಲಮೇಲೆ ಕಾಲು ಹಾಕಿದ್ದರೆ ಸ್ಕೇಲಿನಿಂದ ಮೊಣಕಾಲು ತಟ್ಟುವರು. ಬೆನ್ನಿಗೂ ಕುರ್ಚಿಗೂ ನಡುವೆ ಸಂದು ಕಂಡರೆ ಮಡಚಿದ ಟವೆಲ್ ತುರುಕುವರು. ಒಂದು ಹಾಳೆ ಮುಗಿಯಿತೋ, ಎದ್ದು ಬಾಗಿಲ ತನಕ ನಡೆದು ಬರಲೇಬೇಕು. "ನಡಾ ಚೀರೂತನಕ ಕಾಯಬ್ಯಾಡ್ರಿ, ಗೊಣಗಿದಾಗನ ಏಳ್ರಿ," ಎನ್ನುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ನಮಗೆ ಇದು ಬಹಳ ಕಿರಿಕಿರಿ. ವೇಗ ಹಿಡಿಯಿತು ಅನ್ನುವಾಗಲೇ ಎಬ್ಬಿಸುತ್ತಿದ್ದರು.

ಪರೀಕ್ಷೆ ಪಾಸಾಗಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ನಮ್ಮೂರು ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೋಗಬೇಕು. ಮಾಲು ಬರುವ ತಿಂಗಳುಗಳಲ್ಲಿ ಬೆಳಿಗ್ಗೆ ಕುಳಿತರೆ ಊಟಕ್ಕಷ್ಟೇ ಏಳುವುದು. ಕುರ್ಚಿ ಎತ್ತರ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸೊಂಟದಲ್ಲಿ ಹುಟ್ಟಿದ ನೋವು ಮೀನಖಂಡದ ತನಕ ಇಳಿಯಿತು. ಬಸ್ಸಿನಲ್ಲಿ ಕೂರಲಾಗದೆ ನಿಲ್ಲುತ್ತಿದ್ದೆ, ನಿಲ್ಲಲಾಗದೆ ಕೂರುತ್ತಿದ್ದೆ. ಮನೆಯಲ್ಲಿ ಗುತ್ತಲದ ಸಂಬಂಧವೊಂದರ ಮಾತು ನಡೆದಿತ್ತು. ನಡ ನೋಯುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ಬಾಯಿ ಬಿಡಬೇಡ ಎಂದು ಅವ್ವ ಹೇಳಿದ್ದಳು.

ಒಂದು ಬೆಳಿಗ್ಗೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಅಕ್ಕೋರು ಎದುರಾದರು. ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸುತ್ತಿದ್ದ ನನ್ನನ್ನು ಪಾದದಿಂದ ಮುಖದ ತನಕ ನೋಡಿದರು.

"ಯಾವಾಗಿಂದ ಐತಿ ಇದು?"

ನನಗೆ ಅಳು ಬಂತು. ಅವರು ನನ್ನ ಜೊತೆ ಅದೇ ಬಸ್ಸು ಹತ್ತಿದರು. ಅಂಗಡಿಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ, ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೊಂದು ಪೆಟ್ಟಿಗೆ ಇಟ್ಟರು. ಕಾಲ ಕೆಳಗೆ ಹಲಗೆ, ಬೆನ್ನಿಗೆ ಮಡಚಿದ ಗೋಣಿಚೀಲ. ಕುಂತು ಮಾಡುವ ಕೆಲಸದಲ್ಲಿ ಎಂಥ ತ್ರಾಸು ಎಂದು ಸಾಹುಕಾರರು ನಕ್ಕರು, ತಡೆಯಲಿಲ್ಲ. ಅವರಿಂದ ರಜೆಯನ್ನೂ ಕೇಳಿಕೊಂಡು ಅಕ್ಕೋರು ನನ್ನನ್ನು ಹಾವೇರಿಯ ಡಾಕ್ಟರ ಬಳಿ ಕರೆದೊಯ್ದರು. ನರ ಒತ್ತಿದೆ, ಬೇಗ ಬಂದದ್ದು ಒಳ್ಳೆಯದಾಯಿತು, ಕೆಲವು ವಾರ ಬಗ್ಗಬೇಡ, ಭಾರ ಎತ್ತಬೇಡ, ಆಮೇಲೆ ವ್ಯಾಯಾಮ ಎಂದರು ಡಾಕ್ಟರು.

ಗುತ್ತಲದವರು ಹೆಣ್ಣು ನೋಡಲು ಬಂದ ದಿನ, ನನ್ನನ್ನು ವಿಚಾರಿಸಲೆಂದು ಅಕ್ಕೋರೂ ಬಂದಿದ್ದರು. ಹಿರಿಯರ ಕಾಲಿಗೆ ಬೀಳು ಎಂದು ಅವ್ವ ಕಣ್ಸನ್ನೆ ಮಾಡಿದಳು. ನಾನು ಬಗ್ಗಲಾರದೆ ನಿಂತೆ.

"ಆಕಿ ನಡಾ ನೋಯತೈತ್ರಿ. ಡಾಕ್ಟರು ಬಗ್ಗಬ್ಯಾಡ ಅಂದಾರ. ಕಡಿಮಿ ಆಗತೈತಿ, ಆದ್ರ ಸ್ವಲ್ಪ ದಿನಾ ಬೇಕ್ರಿ," ಎಂದುಬಿಟ್ಟರು ಅಕ್ಕೋರು.

ಬಂದವರು ಅವಲಕ್ಕಿ ಮುಟ್ಟದೆ ಎದ್ದು ಹೋದರು. ಅವ್ವ ಅಕ್ಕೋರನ್ನು ಬಾಯಿಗೆ ಬಂದಂತೆ ಬೈದಳು. ಅವರು ಅಂಗಳದಲ್ಲಿ ಕಾಲೆಳೆಯುತ್ತಾ ತಿರುಗಾಡಿ ಎಲ್ಲ ಕೇಳಿಸಿಕೊಂಡರು. "ಸಂಬಂಧ ಮತ್ತೊಂದು ಬರತೈತ್ರಿ. ಹೋದ ಕಾಲು ಬರಂಗಿಲ್ಲ," ಎಂದು ಹೊರಟರು.

ನಾನು ನಿಧಾನವಾಗಿ ಗುಣವಾದೆ. ಮತ್ತೆ ಕೆಲಸಕ್ಕೆ ಹೋದೆ, ಹಾವೇರಿಗೆ ಮದುವೆಯಾಗಿ ಬಂದೆ. ಮದುವೆಗೆ ಅಕ್ಕೋರನ್ನು ನಾನೇ ಕರೆದೆ. ಅವ್ವ ಅವರೊಂದಿಗೆ ಮಾತಾಡಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕೋರು ಕಿಡ್ನಿ ಕೆಟ್ಟು ಹಾಸಿಗೆ ಹಿಡಿದರೆಂದು ತಿಳಿಯಿತು. ನೋಡಲು ರಾಣೆಬೆನ್ನೂರಿಗೆ ಹೊರಟಾಗ, ಏಕೋ ಅವ್ವನೂ ಮೇಡ್ಲೇರಿಯಿಂದ ಬಂದು ಜೊತೆಯಾದಳು. ಮದುವೆಯಾಗದ ಅಕ್ಕೋರಿಗೆ ತಮ್ಮನ ಮನೆಯ ಹಿಂದಿನ ಕೋಣೆ. ಮಲಗಿದ್ದರೂ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಅವ್ವ ಕಾಲ ಬಳಿ ಕುಳಿತು ಒತ್ತತೊಡಗಿದಳು.

ಆಗ ಅಕ್ಕೋರು ತಮ್ಮ ಕಥೆ ಹೇಳಿದರು. ಕಚೇರಿಯೊಂದರಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಟೈಪ್ ಮಾಡುತ್ತಿದ್ದ ದಿನಗಳಲ್ಲಿ ಅವರಿಗೂ ವರ ಗೊತ್ತಾಗಿತ್ತಂತೆ. ಅದಕ್ಕೆಂದೇ ಸೊಂಟದ ನೋವನ್ನು ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಸ್ಟೂಲಿನಿಂದ ಇಳಿಯಲಾಗಲಿಲ್ಲ. ಆಪರೇಶನ್ ಆಯಿತು, ಎಡಗಾಲು ಮೊದಲಿನಂತಾಗಲಿಲ್ಲ, ಮದುವೆಯೂ ನಿಂತಿತು.

"ನಮ್ಮವ್ವನ ಮುಂದ ಅವತ್ತ ಯಾರರ ಬಂದು ಹೇಳಿದ್ರ ಛಲೋ ಇತ್ರಿ," ಎಂದರು ಅವ್ವನಿಗೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒತ್ತುವುದನ್ನು ನಿಲ್ಲಿಸಲಿಲ್ಲ. ಸಂಜೆ ಅವ್ವನನ್ನು ಅಲ್ಲೇ ಬಿಟ್ಟು ನಾನು ಹಾವೇರಿಯ ಬಸ್ಸು ಹತ್ತಿದೆ. ಅಕ್ಕೋರು ತೀರಿಕೊಳ್ಳುವ ತನಕ ಅವ್ವ ಮೇಡ್ಲೇರಿಗೆ ಮರಳಲಿಲ್ಲ.